‘ಗೂಟಕ್ಕೆ ಕಟ್ಟಿದ ಗಾಳಿ’ ಓದಿದವರು

ಮದುವೆಯ ವಿಷಯದಲ್ಲಿ ನನ್ನದು ಒಂದೇ ಷರತ್ತು: ಹುಡುಗ ಪುಸ್ತಕ ಓದುವವನಾಗಿರಬೇಕು. ಎತ್ತರ, ಬಣ್ಣ, ಹೊಲ, ಪ್ಲಾಟು, ನೌಕರಿ ಇವೆಲ್ಲ ಅಪ್ಪನ ಷರತ್ತುಗಳು, ಅವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಧಾರವಾಡದಂಥ ಊರಿನಲ್ಲಿ ಓದುವ ಗಂಡು ಸಿಗುವುದೇನು ಕಷ್ಟ ಎಂದು ನೀವು ಕೇಳಬಹುದು. ಇಲ್ಲಿ ಕಲ್ಲು ಎಸೆದರೆ ಸಾಹಿತಿಯ ಮನೆಯ ಮೇಲೇ ಬೀಳುತ್ತದೆ ಎಂಬ ಮಾತಿದೆಯಲ್ಲ. ಮಾತು ಖರೆ. ಆದರೆ ಆ ಸಾಹಿತಿಯ ಪುಸ್ತಕ ಓದಿದವನ ಮನೆಯ ಮೇಲೆ ಬೀಳಬೇಕಾದರೆ ಎಷ್ಟು ಕಲ್ಲು ಬೇಕು ಎಂದು ಯಾರೂ ಎಣಿಸಿಲ್ಲ. ನಮ್ಮಲ್ಲಿ ಪುಸ್ತಕ ಬಿಡುಗಡೆಯಾಗದ ರವಿವಾರವೇ ಇಲ್ಲ. ಬಿಡುಗಡೆಯಾದ ಪುಸ್ತಕವನ್ನು ಶಾಲು, ಹಣ್ಣಿನ ಬುಟ್ಟಿಯ ಜೊತೆ ಗಣ್ಯರಿಗೆ ಕೊಡುತ್ತಾರೆ. ಹಣ್ಣು ಅವತ್ತೇ ಖಾಲಿ. ಶಾಲು ಮುಂದಿನ ಸನ್ಮಾನದಲ್ಲಿ ಇನ್ನೊಬ್ಬರ ಹೆಗಲೇರುತ್ತದೆ. ಪುಸ್ತಕ ಮಾತ್ರ ತೆರೆಯದೆ ಕಪಾಟು ಸೇರುತ್ತದೆ.

ನಾನು ಭಾಗ್ಯಶ್ರೀ. ವಯಸ್ಸು ಮೂವತ್ತೊಂದು, ನೆಂಟರ ಲೆಕ್ಕದಲ್ಲಿ ನಲವತ್ತು. ಸರಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರು ಮಾಡುವ ಒಂದು ಕೋಚಿಂಗ್ ಕೇಂದ್ರದಲ್ಲಿ ಕನ್ನಡ ಪೇಪರು ಕಲಿಸುತ್ತೇನೆ. ಅಪ್ಪ ಕುಬೇರಪ್ಪನವರದು ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆ ನಡೆಸುವವಳು ಅಪ್ಪನ ತಾಯಿ ಶಿವಲಿಂಗವ್ವ, ನಾನು ಆಯಿ ಅನ್ನುತ್ತೇನೆ. ಆಯಿಗೆ ಅಕ್ಷರ ಬರುವುದಿಲ್ಲ. ಅಪ್ಪ ಪೇಪರಿನಲ್ಲಿ ಕಡಲೆಯ ದರ ಬಿಟ್ಟು ಬೇರೇನೂ ಓದುವುದಿಲ್ಲ. ಓದುವ ಚಟ ಹತ್ತಿದ್ದು ನನಗೊಬ್ಬಳಿಗೇ. ಹಾಗಾಗಿ ನನ್ನ ಆಸೆಯೂ ಸಣ್ಣದೇ ಇತ್ತು. ರವಿವಾರ ಮಧ್ಯಾಹ್ನ ಎರಡು ಕುರ್ಚಿ ಹಾಕಿಕೊಂಡು ಒಬ್ಬನ ಜೊತೆ ಮಾತಿಲ್ಲದೆ ಓದುತ್ತ ಕೂರಬೇಕು. ನಡುವೆ ಅವನು ತಲೆಯೆತ್ತಿ, ‘ಇಲ್ಲಿ ಕೇಳು’ ಎಂದು ಒಂದು ಸಾಲು ಓದಿ ಹೇಳಬೇಕು. ಅವನು ಓದಿದ್ದೇನೆ ಅಂದರೆ ಓದಿರಬೇಕು. ಇಷ್ಟಕ್ಕಾಗಿ ಒಂಬತ್ತು ಗಂಡುಗಳನ್ನು ಬಿಟ್ಟೆ.

ಬಿಡಲು ನನ್ನ ಹತ್ತಿರ ಒಂದು ಪ್ರಶ್ನೆ ಇತ್ತು. ಹುಡುಗ, ಅವರ ಮನೆಯವರು ಬಂದು ಚೂಡಾ ತಿಂದು, ಚಹಾ ಕುಡಿದು, ‘ಹುಡುಗ ಹುಡುಗಿ ಏನರ ಮಾತಾಡ್ಕೊಳ್ಳಿ’ ಎಂದು ಹಿರಿಯರು ಹೊರಗೆ ಕಟ್ಟೆಗೆ ಎದ್ದು ಹೋದ ಮೇಲೆ, ನಾನು ಕೇಳುತ್ತಿದ್ದೆ: “ತ್ರಿ. ಗು. ಅಮ್ಮಿನಬಾವಿ ಅವರ ‘ಗೂಟಕ್ಕೆ ಕಟ್ಟಿದ ಗಾಳಿ’ ಕಾದಂಬರಿ ಓದೀರೇನ್ರಿ?”

ಓದಿಲ್ಲ ಎಂದವನು ಪಾಸು, ಓದಿದ್ದೇನೆ ಎಂದವನು ನಪಾಸು. ಯಾಕೆಂದರೆ ಅಂಥ ಕಾದಂಬರಿಯೇ ಇಲ್ಲ. ತ್ರಿ. ಗು. ಅಮ್ಮಿನಬಾವಿ ಎಂಬ ಲೇಖಕನೂ ಇಲ್ಲ. ಇಬ್ಬರನ್ನೂ ಹೆತ್ತವಳು ನಾನು.

ಆರು ವರ್ಷದ ಹಿಂದೆ ನಮ್ಮ ಕೇಂದ್ರಕ್ಕೆ ನಾನೊಂದು ಕನ್ನಡ ಸಾಹಿತ್ಯದ ಗೈಡು ಬರೆದುಕೊಟ್ಟೆ. ಎರಡೇ ತಿಂಗಳಲ್ಲಿ ಇನ್ನೊಂದು ಕೋಚಿಂಗಿನವರು ಅದನ್ನೇ ಹೊಸ ರಟ್ಟು ಹಾಕಿ ತಂದರು. ನಮ್ಮ ಅಚ್ಚಿನ ತಪ್ಪುಗಳನ್ನೂ ಬಿಟ್ಟಿರಲಿಲ್ಲ. ನನ್ನ ಹೊಟ್ಟೆ ಉರಿಯಿತು. ಮುಂದಿನ ವರ್ಷ ಗೈಡು ಮತ್ತೆ ಅಚ್ಚಾಗುವಾಗ ನೂರಾ ಹದಿನಾಲ್ಕನೇ ಪುಟದಲ್ಲಿ ಕಳ್ಳನನ್ನು ಹಿಡಿಯಲೆಂದೇ ಒಂದು ಸಾಲು ನೆಟ್ಟೆ: ‘ಗೂಟಕ್ಕೆ ಕಟ್ಟಿದ ಗಾಳಿ (ಕಾದಂಬರಿ): ತ್ರಿ. ಗು. ಅಮ್ಮಿನಬಾವಿ.’ ಅಮ್ಮಿನಬಾವಿ ಇಲ್ಲೇ ಪಕ್ಕದ ಊರು, ಹೆಸರು ನಂಬುವಂತಿರಲಿ ಅಂತ. ಕಳ್ಳ ಸಿಕ್ಕಿಬಿದ್ದ. ಬರೀ ಒಬ್ಬನಲ್ಲ, ನಾಲ್ಕು ಮಂದಿ. ಒಂದು ಗೈಡು ಕಾದಂಬರಿ ಅಚ್ಚಾದ ವರ್ಷ ಸೇರಿಸಿತು. ಇನ್ನೊಂದು ಅದಕ್ಕೆ ಬಹುಮಾನ ಕೊಟ್ಟಿತು. ಮೂರನೆಯದು ‘ಗ್ರಾಮೀಣ ಸಂವೇದನೆಯ ಮೈಲಿಗಲ್ಲು’ ಎಂದಿತು. ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಹೊಂದಿಸಿ ಬರೆಯಿರಿ ಎನ್ನುವ ಕಡೆ ಅಮ್ಮಿನಬಾವಿಯವರು ಖಾಯಂ ಆದರು. ನಾನು ಹೆದರಿ ನಮ್ಮ ಕೇಂದ್ರದ ಮಾಲೀಕರಿಗೆ, ಆ ಸಾಲು ತೆಗೆದುಬಿಡೋಣ ಎಂದೆ.

“ಬ್ಯಾಡ್ರಿ ಮೇಡಮ್,” ಎಂದರು ಅವರು. “ಎಲ್ಲಾರ ಗೈಡಿನ್ಯಾಗ ಐತಿ, ನಮ್ಮದರಾಗ ಇಲ್ಲಂದ್ರ ನಮ್ಮ ಗೈಡ ಅರೆಬರೆ ಅಂತಾರ ಹುಡುಗರು.”

ಅಲ್ಲಿಗೆ ಆ ಕಾದಂಬರಿ ನನ್ನ ಕೈ ಬಿಟ್ಟುಹೋಯಿತು. ಹೋದ ವರ್ಷವಂತೂ ನಿವೃತ್ತ ಹೆಡ್‌ಮಾಸ್ತರರಾದ ಗುರುಶಿದ್ದಪ್ಪನವರು ತಮ್ಮ ಸಾಹಿತ್ಯ ಬಳಗದಿಂದ ತ್ರಿ. ಗು. ಅಮ್ಮಿನಬಾವಿ ಜನ್ಮಶತಮಾನೋತ್ಸವ ಮಾಡುವುದಾಗಿ ಘೋಷಿಸಿದರು. ಹುಟ್ಟಿದ ದಿನ ಎಲ್ಲಿಂದ ಸಿಕ್ಕಿತೋ ಶಿವನಿಗೇ ಗೊತ್ತು.

ಗಂಡುಗಳಿಗೆ ಈ ಪ್ರಶ್ನೆ ಕೇಳಲು ಶುರುಮಾಡಿದ್ದು ವಿಶಾಲನಿಂದ. ಹುಬ್ಬಳ್ಳಿಯವನು, ವಿಮಾ ಕಂಪನಿಯಲ್ಲಿ ಮ್ಯಾನೇಜರು. ನೋಡಲು ಬಂದವನು ಸಾಹಿತ್ಯದ ಬಗ್ಗೆ ಅರ್ಧ ತಾಸು ಭಾಷಣ ಮಾಡಿದ. ನಿಲ್ಲಿಸಲು ಬೇರೆ ದಾರಿ ಕಾಣದೆ ಕೇಳಿಬಿಟ್ಟೆ.

“ಎರಡ ಸಲ ಓದೇನ್ರಿ,” ಎಂದ ತಕ್ಷಣ. “ಎರಡನೇ ಸಲ ಕಣ್ಣೀರ ಬಂತು. ನಮ್ಮಪ್ಪಾರ ಕಡೆ ಲೇಖಕರು ಸಹಿ ಮಾಡಿದ್ದ ಪ್ರತಿ ಐತಿ.”

ನನಗೂ ಕಣ್ಣೀರು ಬಂತು, ನಗು ತಡೆದಿದ್ದಕ್ಕೆ. ಆಮೇಲೆ ಬಂದ ಸಂಕೇತ ಎನ್ನುವವನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದ. ಮತ್ತೊಬ್ಬ ಮೂಲ ಮರಾಠಿಯಲ್ಲೇ ಓದಿದ್ದ, ‘ಕನ್ನಡದಾಗ ಅಷ್ಟ ಛಲೋ ಇಳಿದಿಲ್ರಿ’ ಎಂದು ಬೇಸರಪಟ್ಟುಕೊಂಡ. ಒಬ್ಬನಂತೂ ಕೊನೆಯಲ್ಲಿ ನಾಯಕಿ ಸಾಯಬಾರದಿತ್ತು ಎಂದ. ಅವಳು ಹುಟ್ಟಿದ್ದು ನನಗೇ ಗೊತ್ತಿರಲಿಲ್ಲ.

ಒಂಬತ್ತನೆಯವನನ್ನೂ ಬೇಡ ಎಂದಾಗ ಅಪ್ಪ ಅಂಗಡಿಯಿಂದ ಬೇಗ ಬಂದು ನನ್ನೆದುರು ಕೂತರು. ಈ ಪುಸ್ತಕದ ಗುಟ್ಟು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಪೇಟೆಯ ಎಲ್ಲ ಚೀಲಗಳ ಮೇಲೂ ಕೂತವರಿಗೆ ಗೊತ್ತಾಗುತ್ತಿತ್ತು.

“ಅಲ್ಲ ಭಾಗ್ಯಾ, ಓದೂ ಹುಡುಗ ಬೇಕಂತಿ. ಎಲ್ಲಾರೂ ಓದೇನಿ ಅಂತಾರ. ಆದರೂ ಬ್ಯಾಡಂತಿ. ಇದೆಂಥಾ ಪರೀಕ್ಷಾ ತಂಗಿ?”

“ಓದಿಲ್ಲ ಅನ್ನಾವ ಬೇಕ್ರಿ ಅಪ್ಪಾ.”

ಅಪ್ಪ ಆಯಿಯ ಮುಖ ನೋಡಿದರು. ಆಯಿ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಿ, “ಹಂಗಾರ ನಮ್ಮ ಪ್ಯಾಟ್ಯಾಗಿನ ಹಮಾಲರು ಅಷ್ಟೂ ಮಂದಿ ಪಾಸ್ ನೋಡ,” ಎಂದಳು.

ಅಪ್ಪ ನಗಲಿಲ್ಲ. “ಅಮ್ಮಿನಬಾವಿದು ಒಂದು ಸಂಬಂಧ ಬಂದು ಎರಡ ತಿಂಗಳಾತು. ಇದು ಕಡೇದ್ದವ್ವಾ. ಇದೂ ಬ್ಯಾಡಂದ್ರ ವಿಶಾಲನ ಮನಿಯವರು ಇನ್ನೂ ಕಾಯಾಕತ್ತಾರ. ಅವರಿಗೆ ಹೂಂ ಅಂತೇನಿ. ನಾ ದಣದೇನಿ,” ಎಂದರು. ಅವರು ಗದರಿಸಿದ್ದರೆ ಜಗಳಾಡಬಹುದಿತ್ತು. ದಣಿದೇನಿ ಎನ್ನುವ ಅಪ್ಪನ ಜೊತೆ ಏನು ಜಗಳ? ಎರಡು ಸಲ ಅತ್ತ ವಿಶಾಲನ ಪಕ್ಕದಲ್ಲಿ ಇಡೀ ಜನ್ಮ ಕೂರುವುದನ್ನು ನೆನೆದು ನನಗೆ ನಿಜಕ್ಕೂ ಭಯವಾಯಿತು.

ಮುಂದಿನ ರವಿವಾರ ಅಮ್ಮಿನಬಾವಿಯ ರಾಜಶೇಖರ ತನ್ನ ದೊಡ್ಡಪ್ಪನ ಜೊತೆ ಬಂದ. ಮೂವತ್ತಮೂರರ ಆಳು. ಧಾರವಾಡದಲ್ಲಿ ಬೀಜ-ಗೊಬ್ಬರದ ಅಂಗಡಿ, ಊರಲ್ಲಿ ಹೊಲ. ಚೂಡಾವನ್ನು ಚೆಲ್ಲದಂತೆ ತಿನ್ನಲು ಹೆಣಗುತ್ತಿದ್ದ. ಹಿರಿಯರು ಎದ್ದು ಹೋದರು. ಆಯಿ ಮಾತ್ರ ತನಗೆ ಕಿವಿ ಕೇಳುವುದಿಲ್ಲ ಎಂಬ ಸುಳ್ಳಿನ ಆಧಾರದ ಮೇಲೆ ಮೂಲೆಯಲ್ಲೇ ಉಳಿದಳು.

ನಾವು ಕೂತ ಕೋಣೆಯಲ್ಲಿ ನನ್ನ ಪುಸ್ತಕದ ಕಪಾಟಿದೆ. ಮೇಲಿನ ಸಾಲಿನ ನಡುವೆ ನಾಲ್ಕು ಬೆರಳು ದಪ್ಪದ, ಹಸಿರು ರಟ್ಟಿನ ಒಂದು ದೊಡ್ಡ ಪುಸ್ತಕ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಓದಿದ್ದೇನೆ ಅನ್ನುತ್ತೀರಿ. ಬಂದವರೆಲ್ಲ ಅದನ್ನು ಕಂಡು, ‘ಇದನ್ನೂ ಓದೀರಿ?’ ಎಂದು ಬೆರಗಾಗುತ್ತಾರೆ. ನಾನು ಸುಮ್ಮನೆ ಮುಗುಳ್ನಗುತ್ತೇನೆ. ಮುಗುಳ್ನಗುವುದು ಸುಳ್ಳಲ್ಲವಲ್ಲ.

ರಾಜಶೇಖರ ಕಪಾಟು ನೋಡಿದ, ಬೆರಗಾಗಲಿಲ್ಲ. ಏನು ಓದುತ್ತೀರಿ ಎಂದು ಕೇಳಿದೆ.

“ದಿನಾ ಊಟಾ ಆದ ಮ್ಯಾಲೆ ನಾಕ ಪುಟ ಓದ್ತೇನ್ರಿ. ಐದನೇ ಪುಟಕ್ಕ ನಿದ್ದಿ ಬರ್ತೈತಿ. ಒಂದ ಪುಸ್ತಕ ಮುಗಿಸೂದ್ರಾಗ ಒಂದ ಬೆಳಿ ಬಂದಿರ್ತೈತಿ.” ಸ್ವಲ್ಪ ಯೋಚಿಸಿ ಸೇರಿಸಿದ. “ಅಂಗಡ್ಯಾಗ ಎಣ್ಣಿ ಬಾಟ್ಲಿ ಮ್ಯಾಲ ಸಣ್ಣ ಅಕ್ಷರದಾಗ ಬರದಿರ್ತಾರಲ್ರಿ, ಬೆಳಿಗೆ ಹೊಡಿಯೂ ಎಣ್ಣಿ, ಅದನ್ನೆಲ್ಲಾ ಪೂರ್ತಿ ಓದ್ತೇನಿ. ಒಯ್ಯಾವ್ರು ಓದೂದಿಲ್ಲ. ಯಾರರೆ ಒಬ್ರು ಓದಬೇಕಲ್ರಿ.”

ಒಂಬತ್ತು ಮಂದಿ ಮೈಲಿಗಲ್ಲುಗಳ ಬಗ್ಗೆ ಮಾತಾಡಿದ್ದರು. ವಿಷದ ಬಾಟಲಿಯ ಹಿಂದಿನ ಬರಹವನ್ನು ಓದುವವನು ಇವನೊಬ್ಬನೇ. ನನಗೆ ಇಷ್ಟವಾಯಿತು. ಇಷ್ಟವಾದ ಕೂಡಲೇ ಹೆದರಿಕೆಯಾಯಿತು, ಇವನೂ ಹೂಂ ಅಂದುಬಿಟ್ಟರೆ? ಆದರೂ ಕೇಳಿದೆ: “ತ್ರಿ. ಗು. ಅಮ್ಮಿನಬಾವಿ ಅವರ ‘ಗೂಟಕ್ಕೆ ಕಟ್ಟಿದ ಗಾಳಿ’ ಓದೀರೇನ್ರಿ?”

ಅವನ ಮುಖ ಸಣ್ಣದಾಯಿತು. “ಇಲ್ರಿ, ಸಿಗಲಿಲ್ಲ.”

“ಅಂದ್ರ?”

“ನೀವು ಆ ಪುಸ್ತಕಾನ ಕೇಳ್ತೀರಿ ಅಂತ ಸಂಬಂಧ ತಂದಾವ್ರು ಮೊದಲ ಹೇಳಿದ್ರು. ಓದೇ ಹೋಗೂಣು ಅಂತ ಎರಡ ತಿಂಗಳಿಂದ ಹುಡುಕಾಕತ್ತೇನಿ. ಧಾರವಾಡದ ಅಂಗಡಿಗೋಳೆಲ್ಲಾ ತಿರಗಿದೆ. ಲೈಬ್ರರಿಯೊಳಗ ಯಾರೋ ಒಯ್ದಾರ ಅಂದ್ರು. ಹುಬ್ಬಳ್ಳಿ ಕಮರಿಪೇಟ್ಯಾಗ ಬಾಬುಸಾಬ ಅಂತ ಹಳೇ ಪುಸ್ತಕ ಮಾರ್ತಾರ. ಅವ್ರು ಹೋದ ವಾರಾನ ಕಡೇ ಪ್ರತಿ ಹೋತಲ್ರಿ ಅಂತ ಹಳಹಳಿಸಿದ್ರು. ಇನ್ನ ನಮ್ಮೂರ ಲೇಖಕರಂದ್ರ ನಮ್ಮೂರಾಗ ಇರಬೇಕಲ್ಲ ಅಂತ ಮನಿ ಮನಿ ಕೇಳಿದೆ.”

“ಸಿಕ್ರೇನು?” ಎಂದು ಕೇಳಿದೆ.

“ಊರ ಅಗಸಿ ಬಾಗಲ ಕಡೆ ಒಬ್ಬ ಮುದುಕರು, ನನ್ನ ಜೋಡಿ ಸಾಲಿಗೆ ಬರ್ತಿದ್ದಾ, ಬಾಳ ಶಾಣ್ಯಾ ಇದ್ದಾ ಅಂದ್ರು. ಅವರ ಎದುರು ಮನಿಯವ್ರು, ಸುಳ್ಳ, ಆಂವ ನಮ್ಮ ಅಣ್ತಮ್ಮರ ಪೈಕಿ ಅಂದ್ರು. ಇಬ್ಬರಿಗೂ ಜಗಳ ಹತ್ತಿ ಈಗ ಮಾತ ಬಿಟ್ಟಾರ. ಪುಸ್ತಕ ಮಾತ್ರ ಯಾರ ಕಡೇನೂ ಇಲ್ಲ. ನೀವು ಓದೀರಲ್ರಿ? ಒಂದ ವಾರ ಕೊಡ್ರಿ, ಜ್ವಾಕಿಯಿಂದ ತಂದು ಕೊಡ್ತೇನಿ.”

ಒಂಬತ್ತು ಜನರಲ್ಲಿ ಸಿಗದವನು ಹತ್ತನೆಯವನಾಗಿ ನನ್ನೆದುರು ಕೂತು, ಕೈಯೊಡ್ಡಿ ಪುಸ್ತಕ ಕೇಳುತ್ತಿದ್ದ. ನಾನು ಮಾಡಬೇಕಾದದ್ದು ಒಂದೇ: ಆ ಪುಸ್ತಕ ಇಲ್ಲ ಎನ್ನುವುದು. ಅಂದರೆ, ನಿನ್ನನ್ನು ಎರಡು ತಿಂಗಳು ಮಂಗ ಮಾಡಿದವಳು ನಾನೇ ಎನ್ನುವುದು. ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

“ಓದೇನ್ರಿ. ಆದ್ರ ನನ್ನ ಪ್ರತಿ ಯಾರೋ ಒಯ್ದಾರ.”

“ಯಾರ್ರಿ?”

ಇಂಥ ಉತ್ತರಕ್ಕೆ ಧಾರವಾಡದಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕೊಟ್ಟ ಪುಸ್ತಕ ವಾಪಸು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ‘ಹಂಗ ಬಿಡ್ರಿ’ ಎಂದು ಇಬ್ಬರೂ ನಿಟ್ಟುಸಿರು ಬಿಡಬೇಕು. ಇವನು ಜೇಬಿನಿಂದ ಪೆನ್ನು ತೆಗೆದು ಕಾಯುತ್ತಿದ್ದ. ಗಾಬರಿಯಲ್ಲಿ ಬಾಯಿಗೆ ಬಂದ ಹೆಸರು ಹೇಳಿದೆ. “ಹುಬ್ಬಳ್ಳಿ ವಿಶಾಲ ಅಂತ. ವಿಮಾ ಕಂಪನಿಯೊಳಗ ಅದಾರ.”

“ಆತು ಬಿಡ್ರಿ, ನಾ ಹೋಗಿ ಇಸ್ಕೊಂಡ ಬರ್ತೇನಿ,” ಎಂದು ಬರೆದುಕೊಂಡ. ಏಳುವಾಗ ಆಯಿಯ ಕಡೆ ತಿರುಗಿ ವಿನಯದಿಂದ ಕೇಳಿದ: “ಅಮ್ಮಾ, ನೀವೂ ಓದೀರೇನ್ರಿ ಆ ಪುಸ್ತಕಾ?”

“ನನಗ ಓದಾಕ ಬರೂದಿಲ್ಲಪ್ಪಾ,” ಎಂದಳು ಆಯಿ, ಕಿವಿ ಕೇಳಿಸದವಳು. ನನ್ನ ಪರೀಕ್ಷೆಯಲ್ಲಿ ಅವತ್ತು ಇಬ್ಬರು ಪಾಸಾದರು. ಪರೀಕ್ಷೆ ಇಟ್ಟವಳು ನಪಾಸು.

ಅಪ್ಪನಿಗೆ, ಒಂದು ವಾರ ಬಿಟ್ಟು ಹೇಳುತ್ತೇನೆ ಎಂದೆ. ಅವರು ಹನ್ನೊಂದು ದಿನ ಕೊಟ್ಟರು, ಮುಂದಿನ ವಾರದ ಗುರುವಾರ ಅಮಾವಾಸ್ಯೆ ಮುಗಿದ ಮೇಲೆ ವಿಶಾಲನ ಮನೆಯವರಿಗೆ ಫೋನು ಮಾಡುವುದಾಗಿ ಹೇಳಿ. ಆ ವಾರ ರಾಜಶೇಖರ ಅಂಗಡಿ ಮುಚ್ಚಿದ ಮೇಲೆ ದಿನವೂ ಸಂಜೆ ಫೋನು ಮಾಡಿದ. ನಾನು ದಿನವೂ ಸಂಜೆಗಾಗಿ ಕಾದೆ, ದಿನವೂ ಫೋನು ಬಂದ ಕೂಡಲೆ ಬೆವತೆ.

ಮಂಗಳವಾರ: “ವಿಶಾಲ ಅವರು ಸಿಕ್ಕಿದ್ರು. ಮೊದಲ ಒಂದೀಟು ಗಾಬರಿ ಆದ್ರು. ಆಮ್ಯಾಲೆ, ಹೌದ ಹೌದ, ಭಾಗ್ಯಶ್ರೀ ಅವರ ಪುಸ್ತಕ ನನ್ನ ಕಡೇನ ಇತ್ತು, ಶತಮಾನೋತ್ಸವಕ್ಕಂತ ಗುರುಶಿದ್ದಪ್ಪ ಸರ್‌ಗೆ ಕೊಟ್ಟೇನಿ ಅಂದ್ರು.”

ನಾನು ಕೊಡದ ಪುಸ್ತಕವನ್ನು ವಿಶಾಲ ಪಡೆದಿದ್ದ, ಪಡೆದದ್ದನ್ನು ಇನ್ನೊಬ್ಬರಿಗೆ ಕೊಟ್ಟೂ ಇದ್ದ. ನಾನು ಮೆಚ್ಚಿದೆ ಎಂದೇ ಹೇಳಬೇಕು. ಸುಳ್ಳಿಗೂ ಒಂದು ಕೈಗುಣ ಬೇಕು.

ಗುರುವಾರ: “ಗುರುಶಿದ್ದಪ್ಪ ಸರ್ ಬಾಳ ಛಲೋ ಮಾತಾಡ್ಸಿದ್ರು. ಚಾ ಕೊಟ್ರು. ಶತಮಾನೋತ್ಸವಕ್ಕ ನೂರ ರೂಪಾಯಿ ಪಟ್ಟಿನೂ ಇಸ್ಕೊಂಡ್ರು. ಪುಸ್ತಕ ಮರುಮುದ್ರಣ ಮಾಡಾಕತ್ತಾರಂತ. ಮುನ್ನುಡಿ ಬರಿಯಾಕ ಪ್ರೊಫೆಸರ್ ಬಾಳಕೃಷ್ಣ ಅವರಿಗೆ ಕೊಟ್ಟಾರಂತ್ರಿ.”

ಶನಿವಾರ: “ಪ್ರೊಫೆಸರ್ ಮನಿಗೆ ಹೋಗಿದ್ದೆ. ಮುನ್ನುಡಿ ಆಗಲೇ ಬರದು ಮುಗಿಸ್ಯಾರ, ಹದಿನಾಲ್ಕ ಪುಟ. ನನಗೂ ಓದಿ ತೋರಿಸಿದ್ರು. ಪುಸ್ತಕ ಎಲ್ಲೈತ್ರಿ ಅಂದೆ. ಅವರು ಅಂದದ್ದನ್ನ ನಾಳೆ ಮನಿಗೇ ಬಂದು ಹೇಳ್ತೇನಿ.”

ರವಿವಾರ ಅವನೊಬ್ಬನೇ ಬಂದ. ಅಪ್ಪ ಪೇಟೆಗೆ ಹೋಗಿದ್ದರು. ಆಯಿ ಚಹಾ ತಂದಿಟ್ಟು ತನ್ನ ಮೂಲೆ ಹಿಡಿದಳು. ಅವನು ಚಹಾ ಮುಟ್ಟಲಿಲ್ಲ.

“ಪ್ರೊಫೆಸರ್ ಏನಂದ್ರು ಗೊತ್ತೈತೇನ್ರಿ? ‘ಆ ಪುಸ್ತಕಾ ಗೈಡ್ ಬರಿಯೂ ಭಾಗ್ಯಶ್ರೀ ಅಂತ ಹುಡುಗಿ ಒಯ್ದಾಳ. ಅಕೀ ಗೈಡ್‌ನೊಳಗ ಅದರ ಉಲ್ಲೇಖ ಅದ ನೋಡ್ರಿ, ಪುಸ್ತಕ ಇಲ್ಲದ ಹ್ಯಾಂಗ ಬರದಾಳು?’ ಅಂದ್ರು. ನಿಮ್ಮ ಮನಿಯಿಂದ ಹೊಂಟಿದ್ದು ಮೂರ ಮನಿ ತಿರಗಿ ನಿಮ್ಮ ಮನಿಗೇ ಬಂತು.”

ಕಟ್ಟೆಯ ಮುಂದೆ ಯಾರೋ ಮಾತಾಡುತ್ತ ಹೋದರು. ನಾನು ಅವರ ಮಾತು ಮುಗಿಯುವವರೆಗೆ ಕಾದೆ. ಆಮೇಲೆ ಹೇಳಿದೆ. ಗೈಡು, ಕಳ್ಳರು, ನೂರಾ ಹದಿನಾಲ್ಕನೇ ಪುಟ, ಒಂಬತ್ತು ಗಂಡುಗಳು, ಎಲ್ಲ. ಕೊನೆಗೆ, “ಪುಸ್ತಕ ಇಲ್ರಿ. ಎಂದೂ ಇರಲಿಲ್ಲ. ನಾ ಓದೇನಿ ಅಂದದ್ದು ಸುಳ್ಳು,” ಎಂದೆ.

“ನನಗ ವಿಶಾಲ ಅವರ ಮುಖಾ ನೋಡಿದಾಗ್ಲೇ ಸಂಶೇ ಬಂದಿತ್ರಿ,” ಎಂದ ಅವನು. “ದಿನಾ ಫೋನ್ ಮಾಡಿದ್ದು ಯಾಕ? ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ತಿರುಗಿ ಬೈಯುವುದೂ ನನಗೆ ಬರುತ್ತದೆ. ಅವನು ಸಣ್ಣ ದನಿಯಲ್ಲಿ ಮುಂದುವರಿಸಿದ.

“ನಮ್ಮೂರಾಗ ಇಬ್ಬರು ಮುದುಕರು ಮಾತ ಬಿಟ್ಟಾರ. ನಾನೂ ಎರಡ ತಿಂಗಳು ತಿರಗೇನಿ. ಅದಿರ್ಲಿ. ಮೂರೂ ಊರಾಗ ಇಷ್ಟ ಮಂದಿನ್ನ ಕೇಳಿದೆ. ನಾ ಓದಿಲ್ಲ ಅಂತ ಖರೇ ಹೇಳಿದವ್ರು ಒಬ್ಬರ, ಆ ಮೂಲ್ಯಾಗ ಕುಂತ ಅಮ್ಮಾರು. ನೀವು ಸುಳ್ಳರನ್ನ ಹಿಡಿಯಾಕ ಪ್ರಶ್ನೆ ಇಟ್ರಿ. ಅದನ್ನ ನಿಮಗ ತಿರಗಿ ಕೇಳಿದ್ರ ನೀವೂ ಅವರಂಗ.”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುವ ಗಾದೆಯ ಅರ್ಥವನ್ನು ನಾನು ವರ್ಷಕ್ಕೆ ಮುನ್ನೂರು ವಿದ್ಯಾರ್ಥಿಗಳಿಗೆ ವಿಸ್ತರಿಸಿ ಹೇಳುತ್ತೇನೆ, ಐದು ಅಂಕ. ಅವತ್ತು ಬದನೆಕಾಯಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನನಗೆ ತುಂಬ ನಾಚಿಕೆಯಾಯಿತು. ಇವನು ಹೋಗಿಬಿಡುತ್ತಾನೆ ಎಂದು ಅದಕ್ಕಿಂತ ಹೆಚ್ಚು ದುಃಖವಾಯಿತು.

ಅವನು ಎದ್ದ. ಬಾಗಿಲವರೆಗೆ ಹೋದವನು ಕಪಾಟಿನ ಮುಂದೆ ನಿಂತು ಹಸಿರು ರಟ್ಟಿನ ಆ ದಪ್ಪ ಪುಸ್ತಕಕ್ಕೆ ಬೆರಳು ತೋರಿಸಿದ.

“ಇದು ಖರೇ ಪುಸ್ತಕ ಹೌದಲ್ರಿ?”

“ಹೌದ್ರಿ.”

“ಓದೀರಿ?”

ತುಟಿ ತಾನಾಗಿಯೇ ಮುಗುಳ್ನಗಲು ಹೊರಟಿತು. ಆರು ವರ್ಷದ ರೂಢಿ ಅದು. ಅದನ್ನು ಅಲ್ಲೇ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ?

“ಅರವತ್ತೆರಡ ಪುಟ,” ಎಂದೆ. “ಮುಂದ ಹೋಗಾಕ ಆಗಿಲ್ರಿ. ಮೂರ ಸಲ ಶುರು ಮಾಡೇನಿ. ಮೂರೂ ಸಲ ಅಲ್ಲೇ ನಿಂತೇನಿ. ಯಾರಿಗೂ ಹೇಳಿಲ್ಲ.”

ಅವನು ಪುಸ್ತಕ ಎಳೆದು ತೆಗೆದ. ಅರವತ್ತೆರಡನೇ ಪುಟದಲ್ಲಿ ಹುಬ್ಬಳ್ಳಿಗೆ ಹೋದಾಗಿನ ಚಿಗರಿ ಬಸ್ಸಿನ ಚೀಟಿ ಇತ್ತು. ಅಕ್ಷರವೆಲ್ಲ ಅಳಿಸಿಹೋಗಿ ಬರೀ ಬಿಳಿ ಚೂರಾಗಿತ್ತು. ಅದರಾಚೆಯ ಪುಟಗಳು ಅಂಗಡಿಯಿಂದ ಬಂದ ಹಾಗೇ ಗರಿಗರಿ ಇದ್ದವು. ಅವನು ಚೀಟಿಯನ್ನು ನೋಡಿದ, ನನ್ನನ್ನು ನೋಡಿದ.

“ಇದನ್ನ ಒಯ್ಯಲೇನ್ರಿ?”

“ಒಯ್ರಿ.”

“ಯಾರಿಗೂ ಕೊಡೂದಿಲ್ಲ,” ಎಂದು ಹೇಳಿ, ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಕಪಾಟಿನ ನಡುವೆ ಹಲ್ಲು ಬಿದ್ದಂತೆ ಖಾಲಿ ಜಾಗ ಉಳಿಯಿತು. ಆಯಿ ಅವನು ಮುಟ್ಟದ ಚಹಾ ಎತ್ತಿ ತಾನೇ ಕುಡಿಯುತ್ತ, “ಇದ್ದೊಬ್ಬ ಖರೇ ಮಾತಿನಾಂವನ್ನ ನೀನ ಓಡಿಸಿದಿ ನೋಡ,” ಎಂದಳು.

ಸೋಮವಾರ ನಾನು ಗುರುಶಿದ್ದಪ್ಪನವರಿಗೆ ಫೋನು ಮಾಡಿದೆ. ಸರ್, ತ್ರಿ. ಗು. ಅಮ್ಮಿನಬಾವಿ ಎಂಬವರು ಇಲ್ಲ, ಆ ಹೆಸರನ್ನು ನಾನೇ ಹುಟ್ಟಿಸಿದ್ದು, ದಯಮಾಡಿ ಶತಮಾನೋತ್ಸವ ಬಿಡಿ ಎಂದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ಅದು ನಿಮ್ಮ ಅಭಿಪ್ರಾಯ ಆತವ್ವಾ. ಎಲ್ಲಾ ಅಭಿಪ್ರಾಯಕ್ಕೂ ನಮ್ಮ ಬಳಗದಾಗ ಜಾಗಾ ಐತಿ. ಎರಡನೇ ಗೋಷ್ಠಿಯೊಳಗ ಹತ್ತ ಮಿನಿಟ್ ಕೊಡ್ತೇನಿ, ಬಂದು ಮಾತಾಡ್ರಿ. ಶಾಲು ಇರ್ತೈತಿ.”

ಮಂಗಳವಾರ ಕೇಂದ್ರದ ಮಾಲೀಕರಿಗೆ, ಆ ಸಾಲು ತೆಗೆಯದಿದ್ದರೆ ಗೈಡಿನಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅವರು ತುಂಬ ಹೊತ್ತು ಯೋಚಿಸಿ ನನ್ನ ಹೆಸರು ತೆಗೆದರು.

ರಾಜಶೇಖರನ ಫೋನು ಬರಲಿಲ್ಲ. ಸೋಮವಾರ ಸಂಜೆ ಬರಲಿಲ್ಲ, ಮಂಗಳವಾರ ಸಂಜೆ ಬರಲಿಲ್ಲ. ನಾನು ಎಂಥ ಸಾಧಾರಣ ಹೆಣ್ಣು ಎಂದು ಆ ಎರಡು ಸಂಜೆ ನನಗೆ ಗೊತ್ತಾಯಿತು. ಫೋನನ್ನು ಅಡುಗೆಮನೆಗೂ ಒಯ್ದೆ, ಒಗೆಯುವ ಕಲ್ಲಿನ ಹತ್ತಿರವೂ ಇಟ್ಟುಕೊಂಡೆ. ಪುಸ್ತಕ ಹಿಡಿದರೆ ಅಕ್ಷರ ಓಡುತ್ತಿರಲಿಲ್ಲ. ಅತ್ತ ಅಪ್ಪ ವಿಶಾಲನ ತಂದೆಯ ನಂಬರನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು, ಗುರುವಾರಕ್ಕೆಂದು.

ಬುಧವಾರ ಊಟದ ಹೊತ್ತಿಗೆ ಫೋನು ಬಂತು.

“ಎಂಬತ್ತೊಂದನೇ ಪುಟದಾಗ ನಿದ್ದಿ ಹತ್ತಿತ್ರಿ,” ಎಂದ, ಹಲೋ ಕೂಡ ಹೇಳದೆ. “ಮೂರ ದಿನಾ ಗುದ್ದ್ಯಾಡೇನಿ. ಅರವತ್ತೆರಡರಿಂದ ಮುಂದ ಆ ಮನಷ್ಯಾ ಬರೇ ಮಾತಾಡ್ತಾನ, ಏನೂ ಮಾಡೂದಿಲ್ಲ. ನೀವು ಅಲ್ಲೇ ನಿಂತದ್ದು ಛಲೋ ಆತು.”

ನಾನು ನಕ್ಕೆ. ನಕ್ಕದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಈ ಸಲ ಏನನ್ನೂ ತಡೆದದ್ದರಿಂದಲ್ಲ.

“ಎಂಟನೂರಾ ಚಿಲ್ಲರ ಪುಟ ಐತ್ರಿ,” ಎಂದು ಅವನು ಮುಂದುವರಿಸಿದ. “ಒಬ್ಬನ ಕೈಲೆ ಆಗೂ ಕೆಲಸ ಅಲ್ಲ. ನಾಕ ಪುಟ ನೀವು, ನಾಕ ಪುಟ ನಾ, ಹಿಂಗ ಪಾಳಿ ಮ್ಯಾಲೆ ಓದಿದ್ರ ಒಂದ ನಾಲ್ಕ ತಿಂಗಳಿಗೆ ಮುಗೀಬಹುದು. ಮುಗೀಲಿಲ್ಲಂದ್ರ ಮುಗದಿಲ್ಲ ಅನ್ನೂಣು. ಏನಂತೀರಿ?”

ಏನನ್ನಬೇಕೋ ಅಂದೆ. ಅದು ನಿಮಗೆ ಬೇಕಾಗಿಲ್ಲ.

ಅಪ್ಪ ಜೋಳದ ರೊಟ್ಟಿ ಮುರಿಯುತ್ತ ನನ್ನನ್ನೇ ನೋಡುತ್ತಿದ್ದರು. ಫೋನು ಇಟ್ಟ ಕೂಡಲೆ ಕೇಳಿದರು: “ಏನಂತ ಹುಡುಗ? ಆ ಪುಸ್ತಕ ಓದ್ಯಾನಂತೇನು?”

“ಇಲ್ರಿ ಅಪ್ಪಾ. ಬ್ಯಾರೇ ಪುಸ್ತಕ. ಎಂಬತ್ತೊಂದನೇ ಪುಟಕ್ಕ ನಿದ್ದಿ ಬಂತಂತ.”

ಅಪ್ಪನ ಮುಖ ಬಾಡಿತು. ರೊಟ್ಟಿಯ ತುಂಡು ತಾಟಿಗಿಟ್ಟು, ನಿಧಾನವಾಗಿ ಜೇಬಿನ ಚೀಟಿಗೆ ಕೈಹಾಕಿದರು. “ಹಂಗಾರ ಇದೂ ಬ್ಯಾಡ ಅಂತೀಯಲ್ಲ?”

“ಅವನ ದೊಡ್ಡಪ್ಪಗ ಫೋನ್ ಹಚ್ರಿ,” ಎಂದೆ. “ಹೂಂ ಅಂತ ಹೇಳ್ರಿ.”